ತೇಕ್ಕಡಿಯ ಲೇಕ್ ಪ್ಯಾಲೇಸ್: ದೋಣಿ ಹತ್ತಿಯೇ ತಲುಪಬೇಕಾದ ಕಾಡಿನ ಹೋಟೆಲಿನ ಚರಿತ್ರೆ – ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಕೇರಳಕ್ಕೆ ಹೊರಡುವವರು ಮುನ್ನಾರಿನ ಚಹಾ ತೋಟ, ಅಲೆಪ್ಪಿಯ ದೋಣಿಮನೆಗಳ ಜೊತೆಗೆ ತೇಕ್ಕಡಿಯನ್ನೂ ಪಟ್ಟಿಗೆ ಸೇರಿಸುತ್ತಾರೆ. ಅಲ್ಲಿನ ಸರೋವರದೊಳಗೆ ಒಂದು ಹಳೆಯ ಅರಮನೆ ಇದೆ, ಅದೀಗ ಹೋಟೆಲು, ಅಲ್ಲಿಗೆ ರಸ್ತೆ ಇಲ್ಲ ಎಂದು ತಿಳಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಧಾರವಾಡದಲ್ಲಿ ಕಾಡು ಮತ್ತು ಇತಿಹಾಸ ಎರಡನ್ನೂ ಪ್ರೀತಿಸುವ ನಮ್ಮ ಗೆಳೆಯರ ಬಳಗಕ್ಕೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೋಣೆಯ ದರಕ್ಕಿಂತ ನೀರಿನ ಕಥೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಆ ನೀರನ್ನು ಅರಿಯದೆ ಆ ಕಟ್ಟಡವನ್ನು ಅರಿಯಲಾಗದು ಎಂಬುದು ನನ್ನ ದೃಢವಾದ ನಂಬಿಕೆ.

ಈ ಹೋಟೆಲು ಎಲ್ಲಿದೆ? ನಿಜವಾಗಿಯೂ ರಸ್ತೆ ಇಲ್ಲವೇ?

ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ, ತಮಿಳುನಾಡಿನ ಗಡಿಗೆ ಅಂಟಿಕೊಂಡಂತೆ ಕುಮಳಿ ಎಂಬ ಊರಿದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ತೇಕ್ಕಡಿಯ ದೋಣಿಗಟ್ಟೆ. ದೋಣಿ ಹತ್ತಿ ಸುಮಾರು ಇಪ್ಪತ್ತು ನಿಮಿಷ ಸಾಗಿದರೆ ಇಡಪ್ಪಾಳಯಂ ಎಂಬ ಗುಡ್ಡದ ಮೇಲೆ ಹಂಚಿನ ಮಾಡಿನ ಕಟ್ಟಡವೊಂದು ಕಾಣುತ್ತದೆ. ಅದೇ ಲೇಕ್ ಪ್ಯಾಲೇಸ್. ತಿರುವಾಂಕೂರಿನ ಅರಸರ ಬೇಸಿಗೆ ಬಿಡಾರವಾಗಿದ್ದ ಈ ಮನೆಯನ್ನು ಈಗ ಕೇರಳ ಸರ್ಕಾರದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ನಡೆಸುತ್ತಿದೆ. ಇರುವುದು ಆರೇ ಕೋಣೆಗಳು.

ಅತಿಥಿಗಳಿಗೆ ಇರುವುದು ನೀರಿನ ದಾರಿಯೊಂದೇ. ಕಟ್ಟಡದ ಹಿಂದೆ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ ಕಾಡು ಹಬ್ಬಿದೆ. ಅಲ್ಲಿ ಅರಣ್ಯ ಸಿಬ್ಬಂದಿ ಕಾಲ್ನಡಿಗೆಯಲ್ಲಿ ಗಸ್ತು ತಿರುಗುತ್ತಾರೆ. ನೀವು ನಾವು ಹಾಗೆ ನಡೆದು ಹೋಗುವಂತಿಲ್ಲ.

ಅದು ದ್ವೀಪವೇ?

ಹಲವರು ಹಾಗೆ ಬರೆಯುತ್ತಾರೆ. ಗುಡ್ಡದ ಚಾಚು ಎನ್ನುವುದು ಹೆಚ್ಚು ಸರಿ. ಮೊದಲು ಇದು ಕಣಿವೆಯ ಪಕ್ಕದ ಗುಡ್ಡವಾಗಿತ್ತು. ಕಣಿವೆ ತುಂಬಿದಾಗ ಗುಡ್ಡದ ತಲೆ ಮಾತ್ರ ಮೇಲುಳಿಯಿತು. ಇಡೀ ಸರೋವರವೇ ಬಿಚ್ಚಿದ ಕೈಬೆರಳುಗಳ ಹಾಗೆ ಕಾಡಿನೊಳಗೆ ಹರಡಿದೆ. ಬೆರಳುಗಳ ನಡುವೆ ಉಳಿದ ನೆಲವೆಲ್ಲ ಇಂಥ ಚಾಚುಗಳೇ. ನೀರು ಏರಿದಾಗ ಅವು ದ್ವೀಪದಂತೆ ಕಾಣುತ್ತವೆ, ಇಳಿದಾಗ ಸುತ್ತಲೂ ಕೆಂಪು ಮಣ್ಣಿನ ಅಂಚು ತೆರೆದುಕೊಳ್ಳುತ್ತದೆ.

ಸರೋವರ ಎಷ್ಟು ಹಳೆಯದು? ನಿಸರ್ಗದತ್ತವಾದುದೇ?

ಅಲ್ಲ. ಅದು ಜಲಾಶಯ, ನಮ್ಮ ನವಿಲುತೀರ್ಥದ ರೇಣುಕಾ ಸಾಗರದ ಹಾಗೆ ಒಡ್ಡು ಕಟ್ಟಿ ನಿಲ್ಲಿಸಿದ ನೀರು. ವಯಸ್ಸಿನಲ್ಲಿ ಮಾತ್ರ ಬಹಳ ಹಿರಿಯದು. ಮುಲ್ಲಪೆರಿಯಾರ್ ಅಣೆಕಟ್ಟು 1887ರಿಂದ 1895ರವರೆಗೆ ಕಟ್ಟಲ್ಪಟ್ಟಿತು. 1895ರ ಅಕ್ಟೋಬರ್‌ನಲ್ಲಿ ಮದ್ರಾಸ್ ಗವರ್ನರ್ ಲಾರ್ಡ್ ವೆನ್ಲಾಕ್ ಅದನ್ನು ಉದ್ಘಾಟಿಸಿದರು. ತುಂಬಿ ನಿಂತ ನೀರಿನ ಹರವು ಸುಮಾರು 26 ಚದರ ಕಿಲೋಮೀಟರ್. ಮುಲ್ಲಯಾರ್ ಮತ್ತು ಪೆರಿಯಾರ್ ಹೊಳೆಗಳು ಕೂಡುವ ಎಡೆಯಲ್ಲಿ, ದೋಣಿಗಟ್ಟೆಯಿಂದ ದೂರದಲ್ಲಿ, ದಟ್ಟ ಕಾಡಿನೊಳಗೆ ಅಣೆಕಟ್ಟು ಇದೆ. ಸಾಮಾನ್ಯ ಪ್ರವಾಸಿಗೆ ಅದು ಕಾಣುವುದಿಲ್ಲ. ಅದಕ್ಕೇ ಬಹುತೇಕರು ಸರೋವರವನ್ನು ಆದಿಕಾಲದ್ದು ಎಂದು ತಿಳಿದು ಮರಳುತ್ತಾರೆ.

ಕಾಡಿನ ನಡುವೆ ಅಣೆಕಟ್ಟು ಏಕೆ ಬೇಕಾಯಿತು?

ಈ ಪ್ರಶ್ನೆಗೆ ಉತ್ತರವನ್ನು ಬೆಳವಲ ನಾಡಿನವರು ಬೇರೆಲ್ಲರಿಗಿಂತ ಬೇಗ ಗ್ರಹಿಸುತ್ತಾರೆ ಎಂದು ನನಗೆ ಅನ್ನಿಸುತ್ತದೆ.

ಪೆರಿಯಾರ್ ಪಶ್ಚಿಮ ಘಟ್ಟದ ಶಿವಗಿರಿ ಬೆಟ್ಟಗಳಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುವ ನದಿ. ಉದ್ದ 244 ಕಿಲೋಮೀಟರ್. ಘಟ್ಟದ ಆ ಬದಿಯಲ್ಲಿ ಮಳೆಗೆ ಬರವಿಲ್ಲ. ಈ ಬದಿಯಲ್ಲಿ, ಮದುರೆ ಮತ್ತು ರಾಮನಾಥಪುರದ ಬಯಲಿನಲ್ಲಿ, ವೈಗೈ ನದಿ ವರ್ಷದ ಬಹುಭಾಗ ಮರಳಾಗಿ ಮಲಗಿರುತ್ತದೆ. ನಡುವೆ ಒಂದು ಬೆಟ್ಟದ ಸಾಲು ಮಾತ್ರ. ಆ ನೀರನ್ನು ಈ ಕಡೆಗೆ ತಿರುಗಿಸಬಾರದೇಕೆ ಎಂಬ ಯೋಚನೆ 18ನೇ ಶತಮಾನದ ಕೊನೆಯಲ್ಲೇ ರಾಮನಾಥಪುರದ ಸೇತುಪತಿ ಅರಸರ ಮಂತ್ರಿ ಮುತ್ತಿರುಳಪ್ಪ ಪಿಳ್ಳೆಯವರಿಗೆ ಬಂದಿತ್ತು. 1808ರಲ್ಲಿ ಕ್ಯಾಪ್ಟನ್ ಕಾಲ್ಡ್‌ವೆಲ್ ಸ್ಥಳ ನೋಡಿ, ಇದು ಆಗದ ಕೆಲಸ ಎಂದರು. 1850ರಲ್ಲಿ ಶುರುವಾದ ಒಂದು ಸಣ್ಣ ಪ್ರಯತ್ನ ರೋಗರುಜಿನಕ್ಕೆ ಹೆದರಿ ನಿಂತುಹೋಯಿತು.

ಆಮೇಲೆ ಬಂದದ್ದು 1876–78ರ ಮಹಾಬರ. ಮದ್ರಾಸ್ ಪ್ರಾಂತದಲ್ಲಿ ಲಕ್ಷಾಂತರ ಜನ ಸತ್ತ ಅದೇ ಬರ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ ಸುಟ್ಟಿತು. ಆ ಬರ ಮುಗಿದ ಮೇಲೆ ಹಳೆಯ ಯೋಚನೆಗೆ ಜೀವ ಬಂತು. 1882ರಲ್ಲಿ ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರ್‌ಗೆ ಹೊಸ ಯೋಜನೆ ಸಿದ್ಧಪಡಿಸುವ ಹೊಣೆ ಬಿತ್ತು.

ಮಹದಾಯಿಗಾಗಿ ನವಲಗುಂದ, ನರಗುಂದದ ರೈತರು 2015ರಿಂದ ವರ್ಷಗಟ್ಟಲೆ ಧರಣಿ ಕೂತದ್ದು ನೆನಪಿರಬಹುದು. ಪಶ್ಚಿಮಕ್ಕೆ ಹರಿದು ಹೋಗುವ ನೀರಿನಲ್ಲಿ ಒಂದು ಪಾಲನ್ನು ಕಳಸಾ, ಬಂಡೂರಿ ನಾಲೆಗಳ ಮೂಲಕ ಪೂರ್ವದ ಮಲಪ್ರಭೆಗೆ ತಿರುಗಿಸಬೇಕೆಂಬುದೇ ಅವರ ಬೇಡಿಕೆ. 2018ರ ನ್ಯಾಯಾಧಿಕರಣದ ತೀರ್ಪು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಕೊಟ್ಟಿತು, ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ. ತೇಕ್ಕಡಿಯ ನೀರು ಅದೇ ಬಗೆಯ ಬೇಡಿಕೆಯಿಂದ, ಅದೇ ಬಗೆಯ ಬಾಯಾರಿಕೆಯಿಂದ ನಿಂತ ನೀರು. ಹೋಟೆಲಿನ ಜಗುಲಿಯಲ್ಲಿ ಕೂತು ನೋಡುವ ನೀಲಿ ಹರವು ಯಾರೋ ಸೊಬಗಿಗಾಗಿ ಮಾಡಿದ್ದಲ್ಲ. ಇಂದಿಗೂ ಅದು ತೇನಿ, ಮದುರೆ, ದಿಂಡಿಗಲ್, ಶಿವಗಂಗೆ, ರಾಮನಾಥಪುರ ಜಿಲ್ಲೆಗಳ ಗದ್ದೆಗಳಿಗೂ ನಲ್ಲಿಗಳಿಗೂ ಹೋಗುತ್ತಿದೆ.

ಅಷ್ಟು ಹಿಂದೆ ಅಲ್ಲಿ ಅಣೆಕಟ್ಟು ಕಟ್ಟಿದ್ದು ಹೇಗೆ?

ಬಹಳ ಕಷ್ಟದಿಂದ. ಸಾಮಾನು ಸಾಗಿಸಲು ದಾರಿ ಇರಲಿಲ್ಲ. ಕಂಬಂ ಕಣಿವೆಯಿಂದ ಘಟ್ಟ ಹತ್ತಿಸಿ, ಕಾಡು ದಾಟಿಸಿ ಒಯ್ಯಬೇಕಿತ್ತು. ಮಳೆಗಾಲದಲ್ಲಿ ಹೊಳೆ ಉಕ್ಕಿ, ಕೆಲಸಕ್ಕಾಗಿ ಕಟ್ಟಿದ ತಾತ್ಕಾಲಿಕ ಒಡ್ಡುಗಳು ಕೊಚ್ಚಿಹೋದವು. ಮಲೇರಿಯಾ ಮತ್ತು ಕಾಲರಾ ಕೂಲಿಕಾರರನ್ನು ಗುಂಪು ಗುಂಪಾಗಿ ಕೊಂಡೊಯ್ದವು. ಅಣೆಕಟ್ಟಿನ ಹತ್ತಿರ ಆ ಕಾಲದ ಗೋರಿಗಳು ಈಗಲೂ ಇವೆ. ಹೆಸರು ಕೆತ್ತಿದ ಕಲ್ಲು ಸಿಕ್ಕಿದ್ದು ಕೆಲವರಿಗೆ ಮಾತ್ರ. ಕಲ್ಲು ಹೊತ್ತವರಲ್ಲಿ ಹೆಚ್ಚಿನವರ ಹೆಸರು ಎಲ್ಲಿಯೂ ಉಳಿದಿಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ.

ಸಿಮೆಂಟು ನಮ್ಮಲ್ಲಿ ಇನ್ನೂ ವ್ಯಾಪಕ ಬಳಕೆಗೆ ಬಂದಿರದ ಕಾಲ. ಸುಣ್ಣ ಮತ್ತು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿದ ಗಾರೆಯಲ್ಲಿ ಕಲ್ಲು ಕಟ್ಟಿದರು. ಎತ್ತರ ಸುಮಾರು 53.6 ಮೀಟರ್, ಉದ್ದ ಸುಮಾರು 366 ಮೀಟರ್. ತನ್ನ ಭಾರದಿಂದಲೇ ನೀರನ್ನು ತಡೆದು ನಿಲ್ಲುವ ಒಡ್ಡು ಅದು. ನೀರು ಹೊರಹೋಗುವುದು ಅಣೆಕಟ್ಟಿನ ಬುಡದಿಂದಲ್ಲ, ತೇಕ್ಕಡಿಯ ಕಡೆಯಿಂದ. ಅಲ್ಲಿ ಒಂದು ತೋಡು ಕಾಲುವೆ, ಅದರ ತುದಿಗೆ ಬೆಟ್ಟವನ್ನು ಕೊರೆದ ಸುಮಾರು 1.7 ಕಿಲೋಮೀಟರ್ ಉದ್ದದ ಸುರಂಗ. ಸುರಂಗದ ಆ ತುದಿಯಲ್ಲಿ ನೀರು ತಮಿಳುನಾಡಿನ ಇಳಿಜಾರಿಗೆ ಬೀಳುತ್ತದೆ.

‘999 ವರ್ಷದ ಗುತ್ತಿಗೆ’ ಎಂಬ ಮಾತು ನಿಜವೇ?

ನಿಜ. ಮುಳುಗಲಿದ್ದ ನೆಲ ತಿರುವಾಂಕೂರು ಸಂಸ್ಥಾನದ್ದು, ನೀರು ಬೇಕಾದದ್ದು ಬ್ರಿಟಿಷ್ ಮದ್ರಾಸಿಗೆ. 1886ರ ಅಕ್ಟೋಬರ್ 29ರಂದು ಒಪ್ಪಂದಕ್ಕೆ ಸಹಿ ಬಿತ್ತು. ಸಂಸ್ಥಾನದ ಪರವಾಗಿ ದಿವಾನ್ ರಾಮಯ್ಯಂಗಾರ್ ಸಹಿ ಹಾಕಿದರು. ಸುಮಾರು 8,000 ಎಕರೆ ನೆಲ, ಎಕರೆಗೆ ವರ್ಷಕ್ಕೆ 5 ರೂಪಾಯಿ, ಒಟ್ಟು 40,000 ರೂಪಾಯಿ ಬಾಡಿಗೆ, ಅವಧಿ 999 ವರ್ಷ. ಆಳುವವನು ಮತ್ತು ಆಳಿಸಿಕೊಳ್ಳುವವನ ನಡುವಿನ ಕರಾರು ಸಮಾನರ ಕರಾರು ಆಗಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮುಂದೆ ಮದ್ರಾಸು ಅದೇ ನೀರಿನಿಂದ ವಿದ್ಯುತ್ ತೆಗೆಯಲು ಹೊರಟಾಗ ತಿರುವಾಂಕೂರು ತಡೆಯಿತು. ಒಪ್ಪಂದದಲ್ಲಿ ಇದ್ದದ್ದು ನೀರಾವರಿ ಮಾತ್ರ ಎಂಬ ಅದರ ವಾದವನ್ನು 1941ರಲ್ಲಿ ಮಧ್ಯಸ್ಥರು ಎತ್ತಿಹಿಡಿದರು. ಸ್ವಾತಂತ್ರ್ಯದ ನಂತರ, 1970ರಲ್ಲಿ, ಕೇರಳ ಮತ್ತು ತಮಿಳುನಾಡು ಒಪ್ಪಂದವನ್ನು ನವೀಕರಿಸಿದವು. ಬಾಡಿಗೆ ಎಕರೆಗೆ 30 ರೂಪಾಯಿ ಆಯಿತು, ತಮಿಳುನಾಡಿಗೆ ವಿದ್ಯುತ್ ಉತ್ಪಾದನೆಯ ಹಕ್ಕು ಸಿಕ್ಕಿತು, ಮೀನು ಹಿಡಿಯುವ ಹಕ್ಕು ಕೇರಳಕ್ಕೆ ಬಂತು.

ಹೀಗಾಗಿ ಲೇಕ್ ಪ್ಯಾಲೇಸಿನ ಸುತ್ತ ಇರುವುದು ಒಂದು ರಾಜ್ಯದ ನೆಲ, ಇನ್ನೊಂದು ರಾಜ್ಯ ನಿಯಂತ್ರಿಸುವ ನೀರು. ಈ ಹೋಟೆಲು ತನ್ನ ಅಂಗಳಕ್ಕೆ ಎಷ್ಟು ನೀರು ಬರಬೇಕೆಂದು ತಾನು ಹೇಳಲಾಗದು.

ಅರಸರು ಅಲ್ಲಿ ಮನೆ ಕಟ್ಟಿಸಿದ್ದೇಕೆ? ಬೇಟೆಗಾಗಿಯೇ?

ಆ ಕಾಲದ ಅರಸರಿಗೆ ಕಾಡಿನ ಬಿಡಾರವೆಂದರೆ ಬೇಟೆಯೂ ಬೇಸಿಗೆಯ ತಂಪೂ ಎರಡೂ. ತೇಕ್ಕಡಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಘಟ್ಟದ ಈ ಭಾಗದಲ್ಲಿ, ಕುಟ್ಟಿಕ್ಕಾನಂನಲ್ಲಿಯೂ ತಿರುವಾಂಕೂರು ಅರಮನೆಯವರಿಗೆ ಬೇಸಿಗೆ ನಿವಾಸ ಇತ್ತು. ಆದರೆ ಇಡಪ್ಪಾಳಯಂ ಮನೆಯ ಕಥೆಗೆ ಮತ್ತೊಂದು ಮಗ್ಗುಲಿದೆ, ಅದನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಸರೋವರದ ಸುತ್ತಲಿನ ಕಾಡನ್ನು 1899ರಲ್ಲಿಯೇ ಮೀಸಲು ಅರಣ್ಯವೆಂದು ಘೋಷಿಸಲಾಗಿತ್ತು. ಸುತ್ತಲ ಬೆಟ್ಟಗಳಲ್ಲಿ ಚಹಾ ಮತ್ತು ಏಲಕ್ಕಿ ತೋಟಗಳು ಕಾಡನ್ನು ತಿನ್ನುತ್ತ ಬರುತ್ತಿದ್ದವು. 1931ರಲ್ಲಿ ತಿರುವಾಂಕೂರಿನ ಅರಸ ಚಿತ್ತಿರ ತಿರುನಾಳ್ ಬಾಲರಾಮವರ್ಮ ಪೂರ್ಣಾಧಿಕಾರ ವಹಿಸಿಕೊಂಡರು. ಎಲ್ಲ ಹಿಂದೂಗಳಿಗೂ ದೇವಾಲಯದ ಬಾಗಿಲು ತೆರೆದ 1936ರ ಘೋಷಣೆ ಹೊರಡಿಸಿದ್ದು ಇವರೇ. ಇವರ ಆಳ್ವಿಕೆಯಲ್ಲಿ, 1933ರಲ್ಲಿ, ಎಸ್.ಸಿ.ಎಚ್. ರಾಬಿನ್ಸನ್ ಎಂಬವರು ಮೊದಲ ವನ್ಯಜೀವಿ ವಾರ್ಡನ್ ಆಗಿ ನೇಮಕವಾದರು. 1934ರಲ್ಲಿ ಸರೋವರದ ಸುತ್ತ ನೆಲ್ಲಿಕ್ಕಾಂಪೆಟ್ಟಿ ಅಭಯಾರಣ್ಯ ಹುಟ್ಟಿತು. ಬೇಟೆಯ ಮೋಜು ಅರಮನೆಗಳಲ್ಲಿ ಇನ್ನೂ ಮುಗಿಯದ ದಿನಗಳಲ್ಲಿ ಒಂದು ಸಂಸ್ಥಾನ ತನ್ನ ಕಾಡಿಗೆ ಬೇಲಿಯಾಗಿ ನಿಂತಿತು. ಈಗ ಹೋಟೆಲಿನ ಅಂಗಳದಿಂದ ಆನೆ ಹಿಂಡು ಕಾಣುತ್ತಿದ್ದರೆ ಅದರ ಹಿಂದೆ ಆ ನಿರ್ಧಾರ ಇದೆ.

ಅರಮನೆ ಹೋಟೆಲಾದದ್ದು ಹೇಗೆ?

ರಾಜ್ಯಗಳು ಬದಲಾದ ಹಾಗೆ ಮನೆಯ ಒಡೆತನವೂ ಬದಲಾಯಿತು. 1949ರ ಜುಲೈ 1ರಂದು ತಿರುವಾಂಕೂರು ಮತ್ತು ಕೊಚ್ಚಿ ಸೇರಿ ಒಂದೇ ರಾಜ್ಯವಾದವು, ಚಿತ್ತಿರ ತಿರುನಾಳ್ ಅದರ ರಾಜಪ್ರಮುಖರಾದರು, ಅಂದರೆ ರಾಜ್ಯಪಾಲರಂಥ ಮುಖ್ಯಸ್ಥರು. ಮರುವರ್ಷ, 1950ರಲ್ಲಿ, ಅಭಯಾರಣ್ಯವನ್ನು ಹಿಗ್ಗಿಸಿ 777 ಚದರ ಕಿಲೋಮೀಟರಿನ ಪೆರಿಯಾರ್ ವನ್ಯಧಾಮ ಮಾಡಲಾಯಿತು. 1956ರ ನವೆಂಬರ್ 1ರಂದು ಕೇರಳ ಹುಟ್ಟಿತು. ಅದೇ ದಿನ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಹೋಟೆಲು ಇರುವ ಪೀರುಮೇಡು ತಾಲ್ಲೂಕು ಮದ್ರಾಸ್ ರಾಜ್ಯಕ್ಕೆ, ಅಂದರೆ ಇಂದಿನ ತಮಿಳುನಾಡಿಗೆ ಸೇರಬೇಕೆಂಬ ಕೂಗು ಆಗ ಜೋರಾಗಿತ್ತು. ಕೊನೆಗೆ ಅದು ಕೇರಳದಲ್ಲೇ ಉಳಿಯಿತು. ಗಡಿಯ ಗೆರೆ ಬೇರೆ ಕಡೆ ಬಿದ್ದಿದ್ದರೆ ಈ ಹೋಟೆಲಿನ ಫಲಕ ತಮಿಳಿನಲ್ಲಿರುತ್ತಿತ್ತು.

ಕೇರಳ 1966ರಲ್ಲಿ ಪ್ರವಾಸೋದ್ಯಮ ನಿಗಮವನ್ನು ಕಟ್ಟಿತು. ಅರಸರ ಬಿಡಾರ ಆ ನಿಗಮದ ಕೈಗೆ ಬಂದು ಅತಿಥಿಗೃಹವಾಯಿತು. ದೋಣಿಗಟ್ಟೆಯ ಬಳಿ ಕಲ್ಲಿನಲ್ಲಿ ಕಟ್ಟಿದ ‘ಅರಣ್ಯ ನಿವಾಸ್’ ಕೂಡ ಅದೇ ನಿಗಮದ್ದು. ಅದಕ್ಕೆ ರಸ್ತೆಯಿದೆ. ಕೋಣೆಗಳ ಸಂಖ್ಯೆಯನ್ನು ಹಿಗ್ಗಿಸದೆ ಲೇಕ್ ಪ್ಯಾಲೇಸನ್ನು ಸಣ್ಣದಾಗಿಯೇ ಉಳಿಸಿಕೊಂಡದ್ದು ನಿಗಮ ಮಾಡಿದ ಒಳ್ಳೆಯ ಕೆಲಸ.

ಅರಸರಿಗಿಂತ ಮೊದಲು ಅಲ್ಲಿ ಯಾರಿದ್ದರು?

ಮನ್ನಾನ್ ಮತ್ತು ಪಳಿಯನ್ ಎಂಬ ಗುಡ್ಡಗಾಡು ಜನ. ಜೇನು, ಗೆಡ್ಡೆಗೆಣಸು, ಮೀನುಗಾರಿಕೆಯಿಂದ ಬದುಕುತ್ತಿದ್ದ ಅವರ ವಸತಿಗಳು ಕಾಡಿನೊಳಗಿದ್ದವು. ನೀರು ತುಂಬಿದ ಮೇಲೆ, ಕಾಡು ಮೀಸಲಾದ ಮೇಲೆ ಅವರನ್ನು ಕುಮಳಿಯ ಅಂಚಿಗೆ ತಂದು ನೆಲೆಗೊಳಿಸಿದರು. ಸೂಪಾ ಅಣೆಕಟ್ಟಿನಲ್ಲಿ ಊರು ಕಳೆದುಕೊಂಡವರನ್ನು, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟವರನ್ನು ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಇದರಲ್ಲಿ ಸಮಾಧಾನದ ಒಂದು ಅಧ್ಯಾಯವಿದೆ. 1996ರಲ್ಲಿ ಆರಂಭವಾದ ಪರಿಸರ ಅಭಿವೃದ್ಧಿ ಯೋಜನೆಯಲ್ಲಿ ಅರಣ್ಯ ಇಲಾಖೆ ಇಂಥ ಕುಟುಂಬಗಳನ್ನು ಜೊತೆಗೆ ತೆಗೆದುಕೊಂಡಿತು. ಕಾಡಿನ ದಾಲ್ಚಿನ್ನಿ ತೊಗಟೆಯನ್ನು ಕದ್ದು ಮಾರುತ್ತಿದ್ದವರು ಒಂದು ಸಮಿತಿ ಕಟ್ಟಿಕೊಂಡು ಮಾರ್ಗದರ್ಶಿಗಳಾದರು, ಕಾವಲುಗಾರರಾದರು. ಬಿದಿರಿನ ತೆಪ್ಪದಲ್ಲಿ ಪ್ರವಾಸಿಗರನ್ನು ಕರೆದೊಯ್ಯುವವರಲ್ಲಿ ಈ ಹಿನ್ನೆಲೆಯವರೂ ಇದ್ದಾರೆ. ತೇಕ್ಕಡಿಗೆ ಹೋದವರು ಹೋಟೆಲಿಗೆ ಕೊಡುವ ಹಣದಲ್ಲಿ ಒಂದಿಷ್ಟು ಉಳಿಸಿ ಅವರ ಜೊತೆ ಅರ್ಧ ದಿನ ಕಾಡು ನಡೆಯಿರಿ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ. ಹೆಜ್ಜೆ ಗುರುತು, ಲದ್ದಿ, ಮುರಿದ ಕೊಂಬೆಗಳನ್ನು ಓದುವ ಅವರ ಕಣ್ಣು ಯಾವ ಪುಸ್ತಕದಿಂದಲೂ ಬರುವಂಥದ್ದಲ್ಲ.

ನೀರಿನಲ್ಲಿ ನಿಂತಿರುವ ಕಪ್ಪು ಬೊಡ್ಡೆಗಳು ಏನು?

1895ರಲ್ಲಿ ನೀರು ಏರಿದಾಗ ಕಡಿಯದೆ ಬಿಟ್ಟ ಮರಗಳು. ನೀರೊಳಗೆ ಗಾಳಿಯ ಸಂಪರ್ಕ ಕಡಿಮೆಯಾದ್ದರಿಂದ ಮರ ಕೊಳೆಯುವುದು ಬಹಳ ನಿಧಾನ. ಹೀಗೆ ಒಂದೇಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಅವು ನಿಂತಿವೆ. ದೋಣಿ ನಡೆಸುವವರಿಗೆ ಅವು ಅಪಾಯ, ನೀರುಕಾಗೆ ಮತ್ತು ಹಾವಕ್ಕಿಗಳಿಗೆ ಆಸರೆ. ಬೊಡ್ಡೆಯ ತುದಿಯಲ್ಲಿ ರೆಕ್ಕೆ ಹರಡಿ ಬಿಸಿಲು ಕಾಯಿಸುವ ಹಕ್ಕಿಗಳನ್ನು ನೋಡುವುದಕ್ಕೇ ದೋಣಿ ಹತ್ತಬಹುದು.

ಅಣೆಕಟ್ಟಿನ ವಿವಾದ ಹೋಟೆಲಿಗೂ ತಟ್ಟುತ್ತದೆಯೇ?

ನೇರವಾಗಿ ತಟ್ಟುತ್ತದೆ. ಜಲಾಶಯದ ಪೂರ್ಣ ಮಟ್ಟ 152 ಅಡಿ. 1979ರ ಆಗಸ್ಟ್‌ನಲ್ಲಿ ಗುಜರಾತಿನ ಮೋರ್ವಿಯಲ್ಲಿ ಮಚ್ಛು ಅಣೆಕಟ್ಟು ಒಡೆದು ಸಾವಿರಾರು ಜನ ಸತ್ತ ಮೇಲೆ, ಸುರ್ಕಿ ಗಾರೆಯ ಹಳೆಯ ಅಣೆಕಟ್ಟಿನ ಕೆಳಗೆ ಬದುಕುವ ಕೇರಳದವರಲ್ಲಿ ಭಯ ಹುಟ್ಟಿತು. ನೀರನ್ನು 136 ಅಡಿಗೆ ಇಳಿಸಿ, ಅಣೆಕಟ್ಟಿಗೆ ಕಾಂಕ್ರೀಟಿನ ಆಸರೆ, ಉಕ್ಕಿನ ಹಗ್ಗದ ಬಿಗಿತ ಕೊಡಲಾಯಿತು. 2006ರಲ್ಲಿ ಸುಪ್ರೀಂ ಕೋರ್ಟ್ 142 ಅಡಿಗೆ ಅನುಮತಿಸಿತು. ಅದನ್ನು ತಡೆಯಲು ಕೇರಳ ಕಾನೂನು ಮಾಡಿತು. 2014ರ ಮೇ 7ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಕಾನೂನನ್ನು ರದ್ದುಪಡಿಸಿ 142 ಅಡಿಯನ್ನು ಖಚಿತಗೊಳಿಸಿತು. ಹೊಸ ಅಣೆಕಟ್ಟು ಬೇಕು ಎಂದು ಕೇರಳ, ಇರುವುದು ಭದ್ರವಾಗಿದೆ ಎಂದು ತಮಿಳುನಾಡು ವಾದಿಸುತ್ತಲೇ ಇವೆ. ಎರಡು ಕಡೆಯವರ ಆತಂಕವೂ ಸುಳ್ಳಲ್ಲ. ಕೆಳಗಿನ ಕಣಿವೆಯವರಿಗೆ ಜೀವದ ಚಿಂತೆ, ಆಚೆ ಬದಿಯವರಿಗೆ ಬೆಳೆಯ ಚಿಂತೆ.

ಮಟ್ಟ ಆರು ಅಡಿ ಏರಿದರೆ ದಂಡೆಯ ಹುಲ್ಲುಗಾವಲು ಎಷ್ಟೋ ದೂರ ಮುಳುಗುತ್ತದೆ. ಆನೆ, ಕಾಡುಕೋಣ, ಕಡವೆಗಳು ಮೇಯಲು ಬರುವುದು ಆ ಹುಲ್ಲಿಗೇ. ಬೇಸಿಗೆಯಲ್ಲಿ ನೀರು ಇಳಿದು, ತೆರೆದ ಮಣ್ಣಿನ ಮೇಲೆ ಎಳೆ ಹುಲ್ಲು ಚಿಗುರಿದಾಗ ಹೋಟೆಲಿನ ಎದುರಿನ ದಂಡೆಗೆ ಪ್ರಾಣಿಗಳು ಹೆಚ್ಚು ಬರುತ್ತವೆ. ಕೋಣೆ ಕಾದಿರಿಸುವ ಮೊದಲು ಪತ್ರಿಕೆಯಲ್ಲಿ ಮುಲ್ಲಪೆರಿಯಾರ್ ಮಟ್ಟ ನೋಡಿಕೊಳ್ಳುವುದು ಉಪಯುಕ್ತ ಅಭ್ಯಾಸ.

ಸೇತುವೆ ಅಥವಾ ರಸ್ತೆ ಮಾಡಿಬಿಟ್ಟರೆ ಅನುಕೂಲವಲ್ಲವೇ? ಸಿಗಂದೂರಿಗೆ ಸೇತುವೆ ಆಯಿತಲ್ಲ?

ಹಾವೇರಿ ಕಡೆಯವರು ಈ ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಲಾಂಚಿಗಾಗಿ ಹೊಳೆಬಾಗಿಲಿನಲ್ಲಿ ಕಾದು ಕಾದು ಸಿಗಂದೂರು ಚೌಡೇಶ್ವರಿಯ ದರ್ಶನ ಮಾಡಿದ ನೆನಪು ಅವರಲ್ಲಿ ಅನೇಕರಿಗಿದೆ. 2025ರ ಜುಲೈನಲ್ಲಿ ಅಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ತೆರೆಯಿತು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ. ಲಿಂಗನಮಕ್ಕಿಯ ನೀರು 1960ರ ದಶಕದಲ್ಲಿ ತುಂಬಿ, ತುಮರಿ ಸೀಮೆಯ ಜನರ ದಾರಿಯನ್ನು ನುಂಗಿತು. ಹೆರಿಗೆ ನೋವಿಗೂ ಹಾವು ಕಡಿತಕ್ಕೂ ಲಾಂಚಿನ ಸಮಯಕ್ಕೆ ಕಾಯಬೇಕಾದ ಬದುಕು ಅವರದ್ದಾಯಿತು. ನಾಡಿಗೆ ಬೆಳಕು ಕೊಟ್ಟವರಿಗೆ ಆ ಸೇತುವೆ ಹಕ್ಕಾಗಿ ಸಿಗಬೇಕಾಗಿತ್ತು, ಅದೂ ಬಹಳ ಮೊದಲೇ. ಇಡಪ್ಪಾಳಯಂನಲ್ಲಿ ಊರಿಲ್ಲ, ಶಾಲೆಯಿಲ್ಲ. ಆರು ಕೋಣೆಗಳಲ್ಲಿ ಒಂದೆರಡು ರಾತ್ರಿ ತಂಗಿ ಹೋಗುವ ಅತಿಥಿಗಳು ಮಾತ್ರ. ಅವರಿಗಾಗಿ ಆನೆಯ ದಾರಿಯನ್ನು ಕಡಿದು ಡಾಂಬರು ಹಾಕುವುದು ಅನ್ಯಾಯ. ರಸ್ತೆ ಬಂದರೆ ಅದರ ಹಿಂದೆ ಅಂಗಡಿ, ಅಂಗಡಿಯ ಹಿಂದೆ ಕಸ, ರಾತ್ರಿಯ ವಾಹನಗಳ ಬೆಳಕು ಬರುತ್ತವೆ. ದೋಣಿ ತನ್ನಷ್ಟಕ್ಕೇ ಒಂದು ಮಿತಿ ಹಾಕುತ್ತದೆ: ಇಷ್ಟೇ ಜನ, ಇಷ್ಟೇ ಸಾಮಾನು, ಕತ್ತಲಾದ ಮೇಲೆ ಸಂಚಾರವಿಲ್ಲ. ಆ ಮಿತಿ ಇರುವವರೆಗೆ ಮಾತ್ರ ಅಲ್ಲೊಂದು ಹೋಟೆಲು ಇರುವುದಕ್ಕೆ ಸಮರ್ಥನೆ ಇದೆ.

ಹುಲಿ ಕಾಣುತ್ತದೆಯೇ?

ಕಾಣುವುದು ಅಪರೂಪ. ಪೆರಿಯಾರ್ 1978ರಲ್ಲಿ ಹುಲಿ ಯೋಜನೆಗೆ ಸೇರಿತು, ಈಗ ಅದರ ಒಟ್ಟು ವಿಸ್ತೀರ್ಣ 925 ಚದರ ಕಿಲೋಮೀಟರ್. ಹುಲಿಗಳಿವೆ, ಆದರೆ ನಿತ್ಯಹರಿದ್ವರ್ಣದ ದಟ್ಟ ಕಾಡು ಅವುಗಳನ್ನು ಬಚ್ಚಿಡುತ್ತದೆ. ಆನೆ, ಕಾಡುಕೋಣ, ಕಡವೆ, ಕಾಡುಹಂದಿ, ನೀರುನಾಯಿ, ಕೆಂಜಳಿಲು, ಕರಿಯ ಮುಸುವ ಕಾಣುವ ಸಾಧ್ಯತೆ ಚೆನ್ನಾಗಿದೆ. ಆನೆಗಳಲ್ಲಿ ಕೋರೆಯ ಗಂಡು ಕಡಿಮೆ ಎನಿಸಿದರೆ ಅದು ಹಿಂದಿನ ದಂತಚೋರರು ಬಿಟ್ಟುಹೋದ ಗಾಯ. 1970, 80ರ ದಶಕಗಳಲ್ಲಿ ಇಲ್ಲಿನ ಗಂಡಾನೆಗಳನ್ನು ಅವರು ಹುಡುಕಿ ಹುಡುಕಿ ಕೊಂದರು.

ದೋಣಿ ಪ್ರಯಾಣ ಸುರಕ್ಷಿತವೇ? ಹಿಂದೆ ದೊಡ್ಡ ದುರಂತ ಆಗಿತ್ತಲ್ಲ?

ಆಗಿತ್ತು. 2009ರ ಸೆಪ್ಟೆಂಬರ್ 30ರ ಸಂಜೆ ‘ಜಲಕನ್ಯಕ’ ಎಂಬ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ನೀರುಪಾಲಾದರು. ಅದು ಹೋಟೆಲಿನ ಅತಿಥಿಗಳನ್ನು ಒಯ್ಯುವ ದೋಣಿಯಲ್ಲ, ಸರೋವರ ಸುತ್ತಿಸುವ ದೋಣಿ. ಮೇಲಂತಸ್ತಿನಲ್ಲಿ ಜನ ಹೆಚ್ಚಾಗಿದ್ದರು. ದಂಡೆಯ ಪ್ರಾಣಿಗಳನ್ನು ನೋಡಲು ಅನೇಕರು ಒಂದೇ ಬದಿಗೆ ಸರಿದಾಗ ದೋಣಿ ವಾಲಿತು. ದೋಣಿಯ ಸ್ಥಿರತೆಯ ಬಗೆಗೂ ಗಂಭೀರ ಪ್ರಶ್ನೆಗಳು ಎದ್ದವು.

ಆದ್ದರಿಂದ ಜೀವರಕ್ಷಕ ಜಾಕೆಟ್ಟನ್ನು ಪಟ್ಟಿ ಬಿಗಿದೇ ಹಾಕಿಕೊಳ್ಳಿ, ಮಕ್ಕಳಿಗೂ ಹಾಕಿಸಿ. ಆನೆಯೇ ಕಂಡರೂ ಕೂತಲ್ಲಿಂದ ಏಳಬೇಡಿ. ಫೋಟೋ ಕೈತಪ್ಪಿದರೆ ತಪ್ಪಲಿ.

ನಾವು ಅಯ್ಯಪ್ಪ ಮಾಲೆ ಹಾಕಿ ಶಬರಿಮಲೆಗೆ ಹೋಗುತ್ತೇವೆ. ಅದೇ ದಾರಿಯಲ್ಲಿ ಇದು ಸಿಗುತ್ತದೆಯೇ?

ಶಬರಿಮಲೆ ಇರುವುದು ಇದೇ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ ಪಶ್ಚಿಮ ಭಾಗದಲ್ಲಿ. ಕುಮಳಿ, ವಂಡಿಪೆರಿಯಾರ್, ಸತ್ರಂ, ಪುಲ್ಲುಮೇಡು ಮಾರ್ಗವಾಗಿ ನಡೆದು ಹೋಗುವ ಮಾಲಾಧಾರಿಗಳೂ ಇದ್ದಾರೆ. ಆದರೆ ಮಂಡಲ ಮತ್ತು ಮಕರವಿಳಕ್ಕು ದಿನಗಳಲ್ಲಿ ಕುಮಳಿಯಲ್ಲಿ ವಿಪರೀತ ದಟ್ಟಣೆ. ಯಾತ್ರೆಯ ಜೊತೆಗೆ ಹೋಟೆಲು ವಾಸವನ್ನು ಸೇರಿಸಬೇಡಿ, ಎರಡಕ್ಕೂ ನ್ಯಾಯ ಸಲ್ಲದು. ಬೇರೆ ತಿಂಗಳಲ್ಲಿ ಬನ್ನಿ.

ಹುಬ್ಬಳ್ಳಿಯಿಂದ ಹೋಗುವುದು ಹೇಗೆ?

ರೈಲಿನಲ್ಲಿ ಕೊಟ್ಟಾಯಂ ಅಥವಾ ಮದುರೆ ತಲುಪಿ ಅಲ್ಲಿಂದ ಬಸ್. ಕೊಟ್ಟಾಯಂನಿಂದ ಕುಮಳಿ ಸುಮಾರು 110 ಕಿಲೋಮೀಟರ್ ಘಟ್ಟದ ದಾರಿ. ಮದುರೆಯ ಕಡೆಯಿಂದ ಹೋದರೆ ತೇನಿ, ಕಂಬಂ ದಾಟಿ ಘಟ್ಟ ಏರಬೇಕು, ದೂರ ಕೊಂಚ ಹೆಚ್ಚು. ನನ್ನ ಆಯ್ಕೆ ಮದುರೆಯ ದಾರಿ. ತೇಕ್ಕಡಿಯ ನೀರು ಹೋಗಿ ಸೇರುವ ಗದ್ದೆಗಳನ್ನು, ದ್ರಾಕ್ಷಿ ತೋಟಗಳನ್ನು ಮೊದಲು ನೋಡಿ, ಆಮೇಲೆ ನೀರು ನಿಂತ ಜಾಗಕ್ಕೆ ಏರುವುದು ಸರಿಯಾದ ಕ್ರಮ ಎನಿಸುತ್ತದೆ. ದೋಣಿಗಟ್ಟೆಗೆ ಸಂಜೆಗೆ ಸಾಕಷ್ಟು ಮುಂಚೆ ತಲುಪಬೇಕು. ಕಡೆಯ ದೋಣಿ ತಪ್ಪಿದರೆ ಆ ರಾತ್ರಿ ಕುಮಳಿಯಲ್ಲೇ.

ಊಟ? ರೊಟ್ಟಿ ಬುತ್ತಿ ಒಯ್ಯಬಹುದೇ?

ದರದಲ್ಲೇ ಊಟ ಸೇರಿರುತ್ತದೆ, ಅಡುಗೆ ಕೇರಳದ್ದು. ಸುತ್ತ ಬೇರೆ ಖಾನಾವಳಿ ಇಲ್ಲ, ಪಥ್ಯವಿದ್ದರೆ ಕಾದಿರಿಸುವಾಗಲೇ ಹೇಳಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯುವುದಾದರೆ ಬಟ್ಟೆಯಲ್ಲಿ ಅಥವಾ ಡಬ್ಬಿಯಲ್ಲಿ ಕಟ್ಟಿಕೊಳ್ಳಿ. ಪ್ಲಾಸ್ಟಿಕ್ಕಿಗೆ ಕಾಡಿನೊಳಗೆ ನಿಷೇಧವಿದೆ. ತಿನಿಸನ್ನು ಹೊರಗಿಡಬೇಡಿ, ಮಂಗಗಳು ಬಿಡುವುದಿಲ್ಲ.

ಕರ್ನಾಟಕದಲ್ಲಿ ಇಂಥದ್ದು ಇದೆಯೇ?

ಹತ್ತಿರದ ಬಂಧು ಎಂದರೆ ಕಬಿನಿ ಹಿನ್ನೀರಿನ ಕಾರಾಪುರದಲ್ಲಿರುವ ಮೈಸೂರು ಅರಸರ ಹಳೆಯ ಬೇಟೆ ಬಿಡಾರ. ಅದನ್ನು ಕರ್ನಾಟಕ ಸರ್ಕಾರದ ಸಂಸ್ಥೆಯಾದ ಜಂಗಲ್ ಲಾಡ್ಜಸ್ ನಡೆಸುತ್ತಿದೆ. ಅಲ್ಲಿಗೆ ರಸ್ತೆಯಿದೆ.

ಪೆನ್ನಿಕ್ವಿಕ್ ಸ್ಮಾರಕ ಎಲ್ಲಿದೆ? ನೋಡಬಹುದೇ?

ಕುಮಳಿಯಿಂದ ತಮಿಳುನಾಡಿನ ಕಡೆ ಘಟ್ಟ ಇಳಿದರೆ ಬುಡದಲ್ಲಿ ಲೋವರ್ ಕ್ಯಾಂಪ್ ಸಿಗುತ್ತದೆ. ಸುರಂಗದಿಂದ ಬಂದ ನೀರು ವಿದ್ಯುದಾಗಾರದ ಮೂಲಕ ಹಾದು ಬಯಲಿಗಿಳಿಯುವುದು ಅಲ್ಲಿಯೇ. 2013ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಅಲ್ಲಿ ಸ್ಮಾರಕ ಮಂಟಪವನ್ನು ತೆರೆಯಿತು. ಪೆನ್ನಿಕ್ವಿಕ್ 1841ರ ಜನವರಿ 15ರಂದು ಪುಣೆಯಲ್ಲಿ ಹುಟ್ಟಿದವರು. ತೇನಿ ಜಿಲ್ಲೆಯ ರೈತರು ಪೊಂಗಲ್ ಹೊತ್ತಿಗೆ ಬರುವ ಆ ದಿನದಂದು ಅವರ ಪ್ರತಿಮೆಗೆ ಮಾಲೆ ಹಾಕಿ, ಹೊಸ ಅಕ್ಕಿಯ ಪೊಂಗಲ್ ಬೇಯಿಸುತ್ತಾರೆ. ತಮ್ಮ ಮಕ್ಕಳಿಗೆ ಅವರ ಹೆಸರಿಟ್ಟವರೂ ಇದ್ದಾರೆ. ತೇನಿಗೆ ಹೋಗುವ ಬಸ್ಸುಗಳು ಲೋವರ್ ಕ್ಯಾಂಪ್ ಮೂಲಕವೇ ಸಾಗುತ್ತವೆ. ಇಳಿದು ನೋಡಿ ಮುಂದಿನ ಬಸ್ಸಿಗೆ ಹತ್ತಲು ಒಂದು ಗಂಟೆ ಬೇಕಾದೀತು.